ನಿದ್ದೆಯಲ್ಲಿ ಹೋದವರು

ಜೂನ್ ೩, ಮಂಗಳವಾರ

ಮನೆಯವರ ಬಗ್ಗೆ ನೆನಪಾದದ್ದನ್ನೆಲ್ಲ ಬರೆದಿಡಿ ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೇ ಇದು. ಅಂಗಡಿಗೆ ಗಾಜು ತಂದುಹಾಕುವವನು ವರ್ಷದ ಮೊದಲಿಗೆ ಕೊಟ್ಟ ಡೈರಿ ಇಷ್ಟು ದಿನ ಅಂಟಿನ ಡಬ್ಬಿಗೆ ಮಣೆಯಾಗಿತ್ತು. ಒರೆಸಿ ಮನೆಗೆ ತಂದಿದ್ದೇನೆ.

ಬೆಳಿಗ್ಗೆ ಮಗಳ ಕಾಲೇಜಿನಿಂದ ಫೋನು ಬಂತು. ಬಿಡುವಿನ ಪೀರಿಯಡ್ಡಿನಲ್ಲಿ ಡೆಸ್ಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳಂತೆ. ನೆತ್ತಿಯ ಮೇಲೇ ಗೋಡೆಗೆ ಹೊಡೆದ ಬೆಲ್ಲು. ಅದು ಬಾರಿಸಿತು, ಇವಳು ತಟ್ಟನೆ ಎದ್ದು ಕೂತಳು, ಹಾಗೇ ಪಕ್ಕಕ್ಕೆ ಬಿದ್ದಳು. ಮಾತಿಲ್ಲ, ಉಸಿರಿದೆಯೋ ಇಲ್ಲವೋ ತಿಳಿಯಲಿಲ್ಲ ಎಂದರು. ಅಂಗಡಿಯಲ್ಲಿ ಫೋಟೋದ ಸುತ್ತ ಹಾಕುವ ರಟ್ಟನ್ನು ಕತ್ತರಿಸುತ್ತಿದ್ದವನು ಕತ್ತರಿಯನ್ನು ಕೈಯಲ್ಲಿ ಹಿಡಿದುಕೊಂಡೇ ಆಟೋ ಹತ್ತಿದ್ದೇನೆ. ಆಟೋದವನು ದಾರಿಯುದ್ದಕ್ಕೂ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ಬಾಡಿಗೆಗೆ ಚೌಕಾಸಿ ಮಾಡಲಿಲ್ಲ ಪಾಪ.

ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅವಳು ಎದ್ದು ಕೂತು ಹಣ್ಣಿನ ರಸ ಕುಡಿಯುತ್ತಿದ್ದಳು. "ಅಪ್ಪಾ, ಕತ್ತರಿ ಯಾಕೆ? ನನಗೇನಾದ್ರೂ ಆಪರೇಷನ್ನಾ?" ಎಂದಳು. ಮೆಣಸು ಎಂದು ಅವಳಿಗೆ ಸುಮ್ಮನೆ ಹೆಸರು ಬಂದಿಲ್ಲ. ಆಳು ಗಿಡ್ಡ, ಮಾತು ಖಾರ. ನಾನು ನಗಬೇಕೆಂದುಕೊಂಡೆ, ಅಳು ಬಂತು.

ಹೃದಯದ ಡಾಕ್ಟರು ನಮ್ಮಿಬ್ಬರನ್ನು, ಅಂದರೆ ನನ್ನನ್ನೂ ನನ್ನ ಹೆಂಡತಿಯನ್ನೂ, ಒಳಗೆ ಕರೆದರು. ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು, ನಿಧಾನದ ಮಾತು.

"ಇಸಿಜಿಯಲ್ಲಿ ಒಂದು ಅಂತರ ಸ್ವಲ್ಪ ಉದ್ದ ಕಾಣ್ತಿದೆ. ತುಂಬಾ ಏನಲ್ಲ, ಅಂಚಿನಲ್ಲಿದೆ. ನಿಮ್ಮ ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ಇದ್ದಕ್ಕಿದ್ದ ಹಾಗೆ ತೀರ್ಕೊಂಡಿದ್ದಾರಾ?"

"ಇಲ್ಲ ಮೇಡಂ. ನಮ್ಮದೆಲ್ಲ ಒಳ್ಳೇ ಸಾವು. ನಮ್ಮನೇಲಿ ನಿದ್ದೇಲೇ ಹೋಗ್ತಾರೆ" ಎಂದೆ. ಹೆಮ್ಮೆಯಿಂದಲೇ ಎಂದೆ. ನಮ್ಮಲ್ಲಿ ಎಲ್ಲರೂ ಹಾಗೇ ಹೇಳುವುದು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಾರ್ಯಾರು? ಎಷ್ಟೆಷ್ಟು ವಯಸ್ಸಿಗೆ?"

ಅಜ್ಜ, ಐವತ್ತಾಗಿರಲಿಲ್ಲ. ಅಪ್ಪ, ನಲವತ್ತೊಂದು. ಚಿಕ್ಕಪ್ಪ, ಇಪ್ಪತ್ತಾರು. ಅತ್ತೆಯ ಮಗ ಏಣಿ ಭಾವ, ಹತ್ತೊಂಬತ್ತು. ಇವನ್ನು ಈ ತನಕ ಒಂದೇ ಉಸಿರಿನಲ್ಲಿ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಹೆಂಡತಿ ನನ್ನ ಮುಖವನ್ನು ನೋಡಿದ ರೀತಿಯನ್ನು ನಾನು ಬರೆಯುವುದಿಲ್ಲ.

ಇದು ವಂಶದಲ್ಲಿ ಬರುವ ತೊಂದರೆ ಇರಬಹುದು ಎಂದರು ಡಾಕ್ಟರು. ಹೃದಯ ಗಟ್ಟಿಯಾಗಿಯೇ ಇರುತ್ತದೆ, ಅದರೊಳಗಿನ ಕರೆಂಟು ಒಮ್ಮೆ ತಾಳ ತಪ್ಪಿದರೆ ಮುಗಿಯಿತು. ಅದಕ್ಕೆ ಮಾತ್ರೆ ಇದೆ. ಆದರೆ ಮೆಣಸಿಗೆ ಚಿಕ್ಕಂದಿನಿಂದ ಉಬ್ಬಸ, ಈ ಮಾತ್ರೆ ಉಬ್ಬಸದವರಿಗೆ ಆಗಿಬರುವುದಿಲ್ಲ. ಖಾತ್ರಿಯಿಲ್ಲದೆ ಕೊಡಲು ಅವರಿಗೂ ಹೆದರಿಕೆ. ರಕ್ತದ ಪರೀಕ್ಷೆಯ ವರದಿ ಬರಲು ವಾರಗಟ್ಟಲೆ ಬೇಕು. "ನಿಮ್ಮವರು ಹೇಗೆ ಹೋದ್ರು, ಆ ಹೊತ್ತಲ್ಲಿ ಏನಾಗ್ತಿತ್ತು, ಕೇಳ್ಕೊಂಡು ಬನ್ನಿ. ಅಲ್ಲೀವರೆಗೆ ಇವಳನ್ನ ಬೆಚ್ಚಿಬೀಳಿಸಬೇಡಿ."

ಯಾರನ್ನು ಕೇಳುವುದು? ಅಮ್ಮ ಹೋಗಿ ಎಷ್ಟೋ ಕಾಲವಾಯಿತು. ಹಳಬರಲ್ಲಿ ಉಳಿದವರು ಅಪ್ಪನ ಅಕ್ಕ, ಟೈಪಿಂಗ್ ಅತ್ತೆ ಒಬ್ಬರೇ.

ಜೂನ್ ೪, ಬುಧವಾರ

ಬೆಳಗಾಗುವುದು ಇಷ್ಟು ಭಯದ ವಿಷಯ ಎಂದು ನನಗೆ ಗೊತ್ತಿರಲಿಲ್ಲ.

ಹಾಲಿನವನು ಹಾರ್ನ್ ಹೊಡೆಯುವ ಮೊದಲೇ ಬೀದಿಯ ತಿರುವಿಗೆ ಹೋಗಿ ನಿಂತೆ. ಬಾಗಿಲಿನ ಬೆಲ್ಲಿನ ತಂತಿ ಕಿತ್ತೆ. ಫೋನುಗಳ ಬಾಯಿ ಕಟ್ಟಿದೆ. ನಡುಮನೆಯ ಗಡಿಯಾರದ ಸೆಲ್ಲು ತೆಗೆದೆ, ಅದು ಬಾರಿಸುವ ಗಡಿಯಾರವೇ ಅಲ್ಲ ಎಂದು ಆಮೇಲೆ ಹೊಳೆಯಿತು. ಕೊನೆಗೆ ಕುಕ್ಕರಿಗೆ ಕೈ ಹಾಕಿದಾಗ ಹೆಂಡತಿಗೆ ರೇಗಿತು.

"ಅದೂ ಕೂಗಬಾರದು ಅಂದ್ರೆ ನೀವೇ ಊದಿ ಊದಿ ಬೇಯಿಸಿ" ಎಂದಳು, ಪಿಸುಗುಟ್ಟಿಕೊಂಡು. ಬೈಗುಳವನ್ನು ಪಿಸುಮಾತಿನಲ್ಲಿ ಕೇಳಿದ್ದು ಮದುವೆಯಾದ ಮೇಲೆ ಇದೇ ಮೊದಲು.

ಮೆಣಸಿನ ಕೋಣೆಯ ಬಾಗಿಲಲ್ಲಿ ನಿಂತು ಹೊದಿಕೆ ಏರುವುದು ಇಳಿಯುವುದು ನೋಡುತ್ತಿದ್ದೆ. ಒಂದು ಸಲ ಏರಿದ್ದು ಇಳಿಯಲು ತಡವಾಯಿತು. ಅವಳು ಮಗ್ಗುಲು ಬದಲಿಸಿದಳು, ಅಷ್ಟೇ. ಎಬ್ಬಿಸುವ ಧೈರ್ಯವಿಲ್ಲ, ಏಳಲಿ ಎಂದು ಕಾಯುವ ತಾಳ್ಮೆಯೂ ಇಲ್ಲ. ತಾನಾಗಿ ಎದ್ದು ನನ್ನನ್ನು ನೋಡಿದವಳು, "ಅಪ್ಪಾ, ಹೀಗೆ ನಿಂತ್ರೆ ಯಾರಿಗಾದ್ರೂ ಹಾರ್ಟ್ ನಿಲ್ಲುತ್ತೆ" ಎಂದಳು.

ಜೂನ್ ೭, ಶನಿವಾರ

ಅಂಗಡಿಗೆ ಹೋದೆ. ಹೋಗದಿದ್ದರೆ ಹುಚ್ಚು ಹಿಡಿಯುತ್ತಿತ್ತು.

ನನ್ನ ಅಂಗಡಿಗೆ ಬರುವ ಫೋಟೋಗಳಲ್ಲಿ ಅರ್ಧಕ್ಕರ್ಧ ಸತ್ತವರದು. ಮದುವೆಯ ಗುಂಪಿನಿಂದ, ಗುರುತಿನ ಚೀಟಿಯಿಂದ, ಪಿಕ್ನಿಕ್ಕಿನಲ್ಲಿ ಬಾಯಿ ತೆರೆದು ನಿಂತಿದ್ದರಿಂದ ಬಿಡಿಸಿ, ದೊಡ್ಡದು ಮಾಡಿಸಿಕೊಂಡು ಬರುತ್ತಾರೆ. ನಾನು ರಟ್ಟು, ಗಾಜು, ಮರದ ಪಟ್ಟಿ ಅಷ್ಟನ್ನೇ ನೋಡುವುದು. ಒಳಗಿನ ಮುಖ ನೋಡಿದರೆ ಕೆಲಸ ಸಾಗದು. ಊರಿಗೆಲ್ಲ ಚೌಕಟ್ಟು ಹಾಕುವ ನನ್ನ ಮನೆಯ ಗೋಡೆ ಬೋಳು. ಸತ್ತವರು ಗೋಡೆ ಮೇಲಿಂದ ನೋಡುತ್ತಾ ಕೂತರೆ ಊಟ ಸೇರುವುದಿಲ್ಲ ನನಗೆ.

ಇವತ್ತು ಒಬ್ಬ ಮೇಷ್ಟ್ರು ತಮ್ಮನ ಫೋಟೋ ತಂದರು. ನನ್ನ ಬಾಯಿಂದ ತಾನಾಗಿ ಬಂತು: "ಹೇಗೆ ಹೋದ್ರು? ಆಗ ಮಲಗಿದ್ರಾ?" ಅವರು ನನ್ನನ್ನು ದಿಟ್ಟಿಸಿ, ಸ್ಟೂಲು ಎಳೆದುಕೊಂಡು ಕೂತರು. ಲಾರಿ ಅಪಘಾತವಂತೆ. ಆಮೇಲೆ ತಮ್ಮ ಎಂಥ ಜಿಪುಣ, ಸೈಕಲ್ಲನ್ನು ಹೇಗೆ ಮಗುವಿನಂತೆ ಒರೆಸುತ್ತಿದ್ದ ಎಂದೆಲ್ಲ ಹೇಳುತ್ತಾ ಹೋದರು. ನನಗೆ ಬೇಕಾದದ್ದು ಮೊದಲ ಮಾತಿನಲ್ಲೇ ಮುಗಿದಿತ್ತು. ಲಾರಿ ಎಂದು ಕೇಳಿ ನನಗೆ ಸಮಾಧಾನವಾಯಿತು! ಛೇ, ಎಂಥ ಮನುಷ್ಯನಾಗುತ್ತಿದ್ದೇನೆ.

ಜೂನ್ ೮, ಭಾನುವಾರ

ಅತ್ತೆಯ ಮನೆಗೆ ಹೋಗಿದ್ದೆ.

ಮುಂದಿನ ಕೋಣೆಯಲ್ಲಿ ಇಂದಿಗೂ ಟೈಪಿಂಗ್ ಕ್ಲಾಸು. ಹಳೆಯ ಮೆಷಿನ್ನುಗಳು ಬಟ್ಟೆ ಹೊದ್ದು ಸಾಲಾಗಿ ಕೂತಿವೆ, ಈಗ ಕಂಪ್ಯೂಟರು. ಕಲಿಸುವವಳು ಅತ್ತೆಯ ಮಗಳು. ಬ್ಯಾಚು ಬದಲಾಯಿಸಲು ಮಾತ್ರ ಎಪ್ಪತ್ತು ದಾಟಿದ ಅತ್ತೆಯೇ ಬರಬೇಕು. ಮರದ ಸ್ಕೇಲಿನಿಂದ ಮೇಜನ್ನು ಎರಡು ಸಲ ತಟ್ಟುತ್ತಾರೆ, ಮಕ್ಕಳು ಎದ್ದು ಹೋಗುತ್ತವೆ.

ಮೆಣಸು ಬಿದ್ದ ವಿಷಯ ಹೇಳಿದೆ. ಅತ್ತೆ ಲೊಚಗುಟ್ಟಿದರು. ಅಪ್ಪ ಹೋದಾಗ ಏನಾಗಿತ್ತು ಎಂದು ಕೇಳಿದೆ.

"ನಿಮ್ಮಪ್ಪ ಪುಣ್ಯವಂತ ಕಣೋ. ಉಂಡ, ಮಲಗಿದ, ಹೋದ. ಯಾರ ಕೈಲೂ ಒಂದು ಲೋಟ ನೀರು ಕೇಳಲಿಲ್ಲ."

"ನಲವತ್ತೊಂದಕ್ಕಾ ಅತ್ತೆ?"

"ಆಯಸ್ಸು ಅಷ್ಟೇ ಇತ್ತು. ನರಳಿ ನರಳಿ ತೊಂಬತ್ತು ಮುಟ್ಟಿದ್ರೆ ಚೆನ್ನಾಗಿತ್ತಾ?"

"ಹತ್ತೊಂಬತ್ತಕ್ಕೆ ಹೋದ ಭಾವನೂ ಪುಣ್ಯವಂತನಾ? ಆಗ ಏನಾದ್ರೂ ಶಬ್ದ ಗಿಬ್ದ ಆಗಿತ್ತಾ ಅತ್ತೆ? ಯಾರಾದ್ರೂ ಕೂಗಿದ್ರಾ?"

ಅತ್ತೆಯ ಮುಖ ಇಷ್ಟೇ ಇಷ್ಟಾಯಿತು. ಅಷ್ಟರಲ್ಲಿ ಮಗಳು ನೀರು ತಂದಳು. ಅತ್ತೆಗೆ ತಡವಾಗಿ ಹುಟ್ಟಿದವಳು, ಏಣಿ ಭಾವ ಹೋದಾಗ ಐದು ವರ್ಷ. ಈಗ ಮೂವತ್ತೈದು, ಮದುವೆಯಾಗಿ ಬಹಳ ಕಾಲದ ಮೇಲೆ ಏಳು ತಿಂಗಳ ಬಸುರಿ. ಅವಳನ್ನು ಕಂಡದ್ದೇ ಅತ್ತೆ ನನ್ನ ಮೇಲೆ ಹರಿಹಾಯ್ದರು.

"ತುಂಬಿದ ಬಸುರಿ ಮುಂದೆ ಸಾವಿನ ಮಾತಾಡ್ತೀಯಲ್ಲ, ಬುದ್ಧಿ ಎಲ್ಲಿಟ್ಟಿದ್ದೀಯ? ನಿನ್ನ ಮಗಳು ಸರಿಯಾಗಿ ತಿಂದಿರಲ್ಲ, ತಲೆ ಸುತ್ತಿ ಬಿದ್ದಿರ್ತಾಳೆ. ಅದಕ್ಕೆ ಸತ್ತವರನ್ನ ಯಾಕೆ ಎಳೀತೀಯ?"

ನೀರನ್ನೂ ಕುಡಿಯದೆ ಹೊರಬಿದ್ದೆ. ಅತ್ತೆಗೆ ಏನೋ ಗೊತ್ತಿದೆ. ಗೊತ್ತಿದ್ದೂ ಹೇಳುತ್ತಿಲ್ಲ, ಇಲ್ಲಿ ನನ್ನ ಕೂಸು ಪ್ರತಿ ಬೆಳಿಗ್ಗೆ ಏಳುತ್ತದೋ ಇಲ್ಲವೋ ಎಂದು ನಾನು ಎದೆ ಹಿಡಿದುಕೊಂಡು ನಿಂತಿರುತ್ತೇನೆ. ಬಸ್ಸಿನಲ್ಲಿ ಅತ್ತೆಯನ್ನು ಮನಸಾರೆ ಬೈದುಕೊಂಡೆ.

ಜೂನ್ ೧೨, ಗುರುವಾರ

ನನ್ನದೂ ಉದ್ದ.

ಎದೆಗೆ ತಣ್ಣನೆಯ ಬಿಲ್ಲೆಗಳನ್ನು ಅಂಟಿಸಿ ತೆಗೆದರು. ಡಾಕ್ಟರು ಕಾಗದವನ್ನು ನನ್ನ ಕಡೆ ತಿರುಗಿಸಿ ಪೆನ್ನಿನ ತುದಿಯಿಂದ ತೋರಿಸಿದರು. ಗೆರೆಗಳೆಲ್ಲ ನನಗೆ ಒಂದೇ. "ಹಾಗಾದ್ರೆ ನಾನೇ ಕೊಟ್ಟಿದ್ದಾ ಅವಳಿಗೆ?" ಎಂದೆ. "ಬಣ್ಣ, ಮೂಗು, ಇದು, ಎಲ್ಲಾ ಹಾಗೇ ಬರೋದು. ಬೇಕು ಅಂತ ಯಾರೂ ಕೊಡಲ್ಲ" ಎಂದರು.

ಇದರಲ್ಲಿ ಬೇರೆ ಬೇರೆ ಬಗೆಯಂತೆ. ಕೆಲವರಿಗೆ ಓಡಿದರೆ, ಈಜಿದರೆ ಅಪಾಯ. ಕೆಲವರಿಗೆ ಮಲಗಿದಲ್ಲಿ ಬೆಚ್ಚಿಬಿದ್ದರೆ. ಕೆಲವರಿಗೆ ಸುಮ್ಮನೆ ಮಲಗಿದ್ದರೂ. ನಮ್ಮದು ಯಾವ ಬಗೆ ಎಂದು ಒಂದು ಸಲ ಬಿದ್ದದ್ದರಿಂದ ಹೇಳಲಾಗದು, ಸತ್ತವರೇ ಹೇಳಬೇಕು.

ಅಪ್ಪನಿಗಿಂತ ನಾನು ಈಗಲೇ ಮೂರು ವರ್ಷ ದೊಡ್ಡವನು. ಇದು ಇವತ್ತು ಹೊಳೆಯಿತು.

ಜೂನ್ ೧೩

ಕುರ್ಚಿಯಲ್ಲೇ ಕೂತು ಬೆಳಗು ಮಾಡಿದೆ. ಕಣ್ಣು ಮುಚ್ಚಲು ಭಯ.

ಜೂನ್ ೧೭, ಮಂಗಳವಾರ

ಮೆಣಸು ಸಿಡಿದಳು. ಕಾಲೇಜಿಗೆ ಕಳಿಸುತ್ತಿಲ್ಲ, ಗೆಳತಿಯರು ಬಂದರೆ ಜೋರಾಗಿ ನಗಬೇಡಿ ಎನ್ನುತ್ತೇನೆ, ಬಾಗಿಲಿಗೆ ಹಳೆಯ ಟವೆಲ್ ಸುತ್ತಿದ್ದೇನೆ. ಅವಳ ಮಾತು ಹೀಗಿತ್ತು: "ಅಪ್ಪಾ, ನಾನಿನ್ನೂ ಸತ್ತಿಲ್ಲ. ನೀನು ಈಗಲೇ ನನಗೆ ಫ್ರೇಮ್ ಹಾಕ್ತಿದ್ದೀಯ."

ಕೆನ್ನೆಗೆ ಹೊಡೆದ ಹಾಗಾಯಿತು. ಹೆಂಡತಿ ಅವಳನ್ನು ಗದರಲಿಲ್ಲ. ನನ್ನ ಪರವಾಗಿ ಈ ಮನೆಯಲ್ಲಿ ಯಾರೂ ಇಲ್ಲ.

ಸ್ವಲ್ಪ ಹೊತ್ತಿನ ಮೇಲೆ ಬಂದು ಪಕ್ಕದಲ್ಲಿ ಕೂತಳು. "ತಾತನ ವಿಷಯ ಹೇಳು. ಹೇಗೆ ಸತ್ರು ಅಂತಲ್ಲ, ಅದು ಕೇಳಿ ಕೇಳಿ ಸಾಕಾಯ್ತು. ಹೇಗಿದ್ರು?"

ಒಳ್ಳೆಯವರು, ಸಭ್ಯರು ಎಂದೆ. "ಎಲ್ಲಾ ಸತ್ತವರೂ ಒಳ್ಳೆಯವರೇ ಬಿಡು" ಎಂದಳು. ಆಮೇಲೆ ನಿಧಾನಕ್ಕೆ ಒಂದೊಂದೇ ಬಂತು. ಅಪ್ಪ ಗಡ್ಡ ಹೆರೆಯುವಾಗ ಸಿಳ್ಳೆ ಹಾಕುತ್ತಿದ್ದರು, ಹಾಗಾಗಿ ತುಟಿಯ ಮೇಲೆ ಸದಾ ಗಾಯ. ಹಲ್ಲಿ ಕಂಡರೆ ಮಂಚ ಹತ್ತಿ ಅಮ್ಮನನ್ನು ಕರೆಯುತ್ತಿದ್ದರು. ಚಿಕ್ಕಪ್ಪ ನಿಂತುಕೊಂಡೇ ಉಣ್ಣುತ್ತಿದ್ದ, ಕೂತರೆ ಕಡಿಮೆ ಬಡಿಸುತ್ತಾರೆಂದು ಅವನ ಗುಮಾನಿ. ಏಣಿ ಭಾವನಂತೂ ಆ ಬೀದಿಯವರಿಗೆಲ್ಲ ಬೇಕಾದವನು. ಎಷ್ಟು ಉದ್ದ ಎಂದರೆ ಯಾರ ಮನೆಯ ಬಲ್ಬು ಹೋದರೂ ಅವನನ್ನೇ ಕರೆಯುವುದು. ಸ್ಟೂಲು ಬೇಡ, ಕೈ ಚಾಚಿದರೆ ಸಾಕು. ಒಮ್ಮೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, "ಈಗ ನೀನು ಹಾಕೋ, ನಾನು ಬರೀ ಏಣಿ" ಎಂದಿದ್ದ. ಹಾಕಿದೆ. ದೀಪ ಹತ್ತಿತು. ನನಗೆ ಹತ್ತು ವರ್ಷವಿದ್ದಿರಬೇಕು, ಆ ದೀಪವನ್ನು ನಾನೇ ಕಂಡುಹಿಡಿದವನಂತೆ ಬೀಗಿದ್ದೆ.

ಮೆಣಸು ಹೊಟ್ಟೆ ಹಿಡಿದುಕೊಂಡು ನಕ್ಕಳು, ಹಲ್ಲಿಯ ಕಥೆಯನ್ನು ಎರಡು ಸಲ ಹೇಳಿಸಿದಳು. ಆ ನಡುವೆ ಅಡುಗೆಮನೆಯಲ್ಲಿ ಕುಕ್ಕರು ಕೂಗಿತ್ತು ಎಂದು ಈಗ ಬರೆಯುವಾಗ ನೆನಪಾಗುತ್ತಿದೆ.

ಜೂನ್ ೨೨, ಭಾನುವಾರ

ಅತ್ತೆಯೇ ಫೋನು ಮಾಡಿದರು. ಮಗಳು ಗಂಡನ ಜೊತೆ ಹೊರಗೆ ಹೋಗಿದ್ದಾಳೆ, ಬಾ ಎಂದರು. ನಾನು ಹೋಗುವಷ್ಟರಲ್ಲಿ ಕ್ಲಾಸಿನ ಕೋಣೆಯ ಕಿಟಕಿಗಳನ್ನೆಲ್ಲ ಮುಚ್ಚಿದ್ದರು.

"ನಿನ್ನ ಮಗಳು ಬಿದ್ದಾಗ ಬೆಲ್ಲು ಹೊಡೀತು ಅಂದ್ಯಲ್ಲ. ಅವತ್ತಿಂದ ನನಗೆ ಅನ್ನ ಇಳೀತಿಲ್ಲ" ಎಂದು ಶುರು ಮಾಡಿದರು.

ನಮ್ಮ ಅಜ್ಜಿಯ ಕಾಲದಲ್ಲಿ ಮನೆಯಲ್ಲಿ ಒಂದು ಕಟ್ಟು ಇತ್ತಂತೆ. ಮಲಗಿದವರನ್ನು ಕೂಗಿ ಎಬ್ಬಿಸಬಾರದು. ಅಂಗಾಲನ್ನು ಮೆಲ್ಲಗೆ ಸವರಬೇಕು, ಅವರಾಗಿ ಕಣ್ಣು ಬಿಡುವ ತನಕ. ಅಜ್ಜ ಹೋದದ್ದು ಬೆಳಗಿನ ಜಾವ ಯಾರೋ ಬಾಗಿಲು ದಬದಬ ಬಡಿದಾಗ. ಅಜ್ಜಿ ಪಕ್ಕದಲ್ಲೇ ಇದ್ದವರು. ಅಲ್ಲಿಂದಾಚೆ ಈ ಕಟ್ಟು.

ಅಜ್ಜಿ ನನ್ನ ಅಂಗಾಲು ಸವರುತ್ತಿದ್ದದ್ದು ನನಗೆ ನೆನಪಿದೆ. ನಾನದನ್ನು ಬರೀ ಮುದ್ದು ಎಂದುಕೊಂಡಿದ್ದೆ.

"ನಾವೆಲ್ಲಾ ನಕ್ಕೆವು ಕಣೋ. ಮುದುಕಿಗೆ ಅರಳುಮರಳು ಅಂದೆವು. ನಮ್ಮಮ್ಮ ಹೋದ ಮೇಲೆ ಕಟ್ಟೂ ಹೋಯ್ತು. ನಿಮ್ಮಪ್ಪ ಹೋಗಿದ್ದು ಯಾವಾಗ ಗೊತ್ತಾ? ನಿಮ್ಮನೆಗೆ ಟೆಲಿಫೋನು ಬಂದ ವಾರ. ಮಧ್ಯಾಹ್ನ ಅದರ ಪಕ್ಕದಲ್ಲೇ ಮಲಗಿದ್ದ. ಆಗ ಫೋನು ಮಾಡಿದ್ದು ನಾನೇ. ಹೊಸ ಫೋನು ಹೇಗಿದೆ ನೋಡೋಣ ಅಂತ. ಯಾರೂ ಎತ್ತಲಿಲ್ಲ. ಆಗ ನನಗೇನೂ ಅನ್ನಿಸಲಿಲ್ಲ. ಎರಡು ವರ್ಷ ಆದ ಮೇಲೆ ಅನ್ನಿಸ್ತು."

ಎರಡು ವರ್ಷದ ಮೇಲೆ ಎಂದರೆ ಏಣಿ ಭಾವ.

ಅವತ್ತು ಅವನಿಗೆ ಕೆಲಸದ ಇಂಟರ್‌ವ್ಯೂ. ಓದುತ್ತಾ ತಡವಾಗಿ ಮಲಗಿದ್ದ. ಅತ್ತೆ ಎರಡು ಸಲ ಮೈದಡವಿದರು, ಮಗ್ಗುಲು ಬದಲಿಸಿದ. ಹೊತ್ತಾಗುತ್ತಿತ್ತು, ಸಿಟ್ಟು ಬಂತು. ಬ್ಯಾಚು ಬದಲಾಯಿಸಲು ಕ್ಲಾಸಿನಲ್ಲಿ ಆಗ ಹಿತ್ತಾಳೆಯ ಕೈಗಂಟೆ ಇತ್ತು. ಅದನ್ನು ತಂದು ಅವನ ತಲೆಯ ಕಡೆ ನಿಂತು ಬಾರಿಸಿದರು.

"ಎದ್ದು ಕೂತ. 'ಅಮ್ಮಾ' ಅಂದ. ಹಾಗೇ ಹಿಂದಕ್ಕೆ ಒರಗಿದ. ತಮಾಷೆ ಮಾಡ್ತಿದ್ದಾನೆ ಅಂದ್ಕೊಂಡು ನಾನು ಇನ್ನೊಂದು ಸಲ ಬಾರಿಸಿದೆ ಕಣೋ." ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡರು. "ಬಂದವರಿಗೆಲ್ಲ ನಿದ್ದೇಲಿ ಹೋದ ಅಂದೆ. ನಮ್ಮನೇಲಿ ಹಾಗೇ ಅಲ್ವಾ ಹೋಗೋದು, ಯಾರೂ ಏನೂ ಕೇಳಲಿಲ್ಲ. ನಾನೇ ಅಲ್ವೇನೋ? ನಿನ್ನ ಡಾಕ್ಟರನ್ನ ಕೇಳು. ನಾನೇ ಅಲ್ವಾ?"

ಅವರನ್ನು ಬಸ್ಸಿನಲ್ಲಿ ಬೈದುಕೊಂಡದ್ದು ನೆನಪಾಗಿ ತಲೆ ಎತ್ತಲಾಗಲಿಲ್ಲ. ಕೈ ಹಿಡಿದುಕೊಂಡು ಕೂತೆ. ಕಂಪ್ಯೂಟರುಗಳ ಮೇಲೆ ಒಂದು ನೊಣ ಓಡಾಡುತ್ತಿತ್ತು.

ಜೂನ್ ೨೪, ಮಂಗಳವಾರ

ಎಲ್ಲವನ್ನೂ ಡಾಕ್ಟರಿಗೆ ಹೇಳಿದೆ. ಚಿಕ್ಕಪ್ಪನದು ಮಾತ್ರ ಅತ್ತೆಗೂ ಗೊತ್ತಿಲ್ಲ, ಅವನಿದ್ದದ್ದು ಮಿಲ್ಲಿನ ಕ್ವಾರ್ಟರ್ಸು, ಅಲ್ಲಿ ಹೊತ್ತುಹೊತ್ತಿಗೆ ಸೈರನ್ನು. ಅಷ್ಟು ಕೇಳಿದ್ದೇ ಡಾಕ್ಟರು ತಲೆಯಾಡಿಸಿ ಬರೆಯತೊಡಗಿದರು. ಇದು ಬೆಚ್ಚಿಬೀಳುವ ಬಗೆಯೇ, ಇನ್ನು ಕಾಯುವುದು ಬೇಡ ಎಂದು ಮೆಣಸಿಗೂ ನನಗೂ ಮಾತ್ರೆ ಶುರು ಮಾಡಿದರು. ಅವಳಿಗೆ ಉಬ್ಬಸಕ್ಕೆ ಅಷ್ಟಾಗಿ ತೊಂದರೆ ಕೊಡದ್ದನ್ನು ಆರಿಸಿ, ಮೊದಲೆರಡು ದಿನ ಆಸ್ಪತ್ರೆಯಲ್ಲೇ ನೋಡಿಕೊಳ್ಳುತ್ತಾರೆ.

ಅತ್ತೆಯ ಪ್ರಶ್ನೆ ಕೇಳಿದೆ. "ಗಂಟೆಯಿಂದಲೇ ಆಗಿದೆ, ಹೌದು. ತಪ್ಪು ಅವರದಲ್ಲ. ಇವತ್ತಲ್ಲ ನಾಳೆ ಇನ್ಯಾವುದೋ ಶಬ್ದ ಬರ್ತಿತ್ತು" ಎಂದರು. ಎರಡನೆಯ ಮಾತನ್ನು ಮಾತ್ರ ಒಯ್ಯಬೇಕೆಂದುಕೊಂಡೆ, ಆದರೆ ಅದು ಮೊದಲನೆಯದರ ಬಾಲ ಹಿಡಿದುಕೊಂಡೇ ಬರುತ್ತದೆ.

ಆಮೇಲೆ ಡಾಕ್ಟರು, "ಆ ಹುಡುಗನಿಗೆ ಒಡಹುಟ್ಟಿದವರು ಇದ್ದಾರಾ?" ಎಂದರು. ಒಬ್ಬ ತಂಗಿ, ಈಗ ಎಂಟನೇ ತಿಂಗಳು ಎಂದೆ. ಅವರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಈ ಬಗೆಯವರಿಗೆ ಹೆರಿಗೆಯಾದ ಮೇಲಿನ ತಿಂಗಳುಗಳೇ ಎಲ್ಲಕ್ಕಿಂತ ಅಪಾಯವಂತೆ. ಕೆಟ್ಟ ನಿದ್ದೆ, ಅದರ ನಡುವೆ ಮಗುವಿನ ಅಳು. "ನಾಳೆನೇ ಕರ್ಕೊಂಡು ಬನ್ನಿ."

ಮಗು ಅತ್ತು ತಾಯಿ ಸಾಯುವುದೆಂದರೆ ಏನು! ನನ್ನ ಮಗಳ ಬಗೆಗಿನ ಭಯ ಇನ್ನೂ ಇಳಿದಿಲ್ಲ, ಅದರ ಮೇಲೆ ಇನ್ನೊಂದು ಹತ್ತಿ ಕೂತಿದೆ.

ಜೂನ್ ೨೫, ಬುಧವಾರ

ಅತ್ತೆಗೆ ಫೋನಿನಲ್ಲೇ ಹೇಳಬೇಕಾಯಿತು.

"ಏನಾದ್ರೂ ನೆಪ ಹೇಳಿ ಕರ್ಕೊಂಡು ಹೋಗೋಣ" ಎಂದರು. ಸಂಜೆ ಅವರೇ ಮತ್ತೆ ಫೋನು ಮಾಡಿದರು, ನೆಪವನ್ನೂ ಹೇಳಿ ನೋಡಿದರಂತೆ. ಮಗಳು, "ಇರೋ ಟೆಸ್ಟೇ ಸಾಕಾಗಿದೆ, ಇನ್ನೊಂದು ಯಾಕಮ್ಮ" ಎಂದು ನಕ್ಕು ಕ್ಲಾಸಿಗೆ ಹೋದಳಂತೆ. ಅವಳದು ಅತ್ತೆಯದೇ ಹಟ, ಕಾರಣ ಹೇಳದೆ ಕದಲುವವಳಲ್ಲ.

"ಹಾಗಾದ್ರೆ ನಿಜ ಹೇಳಿ ಅತ್ತೆ. ಇಲ್ಲಾಂದ್ರೆ ನಾನೇ ಹೇಳ್ತೀನಿ."

"ನಿಜ ಹೇಳಿದ್ರೆ ಹುಟ್ಟೋ ಮಗೂನ ನನ್ನ ಕೈಗೆ ಕೊಡ್ತಾಳೇನೋ ಅವಳು? ಯಾವ ತಾಯಿ ಕೊಡ್ತಾಳೆ?"

ಮೂರು ದಿನ ಕೊಡು ಎಂದರು. ಕೊಟ್ಟೆ. ಕೊಟ್ಟದ್ದು ಸರಿಯೋ ತಪ್ಪೋ ತಿಳಿಯದು, ಆ ಮನೆಯಲ್ಲಿ ಯಾರ ಫೋನು ಯಾವಾಗ ಕಿರುಚುತ್ತದೋ.

ಜೂನ್ ೨೭

ಮೆಣಸು ಮನೆಗೆ ಬಂದಳು. ಮಾತ್ರೆ ಒಗ್ಗಿದೆ. ಏಣಿ ಭಾವನ ಫೋಟೋ ಇದೆಯಾ ಎಂದು ಕೇಳಿದಳು. ಅಮ್ಮನ ಟ್ರಂಕಿನಲ್ಲಿ ಒಂದು ಸಿಕ್ಕಿತು. ತಲೆಯ ಮೇಲ್ಭಾಗ ಚಿತ್ರದಲ್ಲಿ ಹಿಡಿಸಿಲ್ಲ. ಇಬ್ಬರೂ ನಕ್ಕೆವು. ಅತ್ತೆಯಿಂದ ಸುದ್ದಿಯಿಲ್ಲ.

ಜೂನ್ ೨೯, ಭಾನುವಾರ

ಅತ್ತೆ ಬರಹೇಳಿದರು. "ನೀನು ಪಕ್ಕದಲ್ಲಿರು, ನಾನು ನಡುವೆ ನಿಲ್ಲಿಸಿದ್ರೆ ನೀನು ಮುಂದುವರಿಸು" ಎಂದರು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತೆ, ಓಡಿಹೋಗುವವನ ಹಾಗೆ.

ಅತ್ತೆಯ ಮಗಳು ಮಂಚದ ಮೇಲೆ ಕೂತು, ಯಾರದೋ ಮಕ್ಕಳು ಹಾಕಿ ಬಿಟ್ಟ ಮೆತ್ತನೆಯ ಅಂಗಿಗಳನ್ನು ಮಡಿಸುತ್ತಿದ್ದಳು. ಅತ್ತೆ ಎದುರಿಗೆ ನಿಂತೇ ಹೇಳಿದರು, ಕ್ಲಾಸಿನಲ್ಲಿ ಪಾಠ ಹೇಳುವಂತೆ ನೆಟ್ಟಗೆ. ಇಂಟರ್‌ವ್ಯೂ, ಸಿಟ್ಟು, ಗಂಟೆ, ಎರಡನೆಯ ಸಲ ಬಾರಿಸಿದ್ದು. ಏನನ್ನೂ ಬಿಡಲಿಲ್ಲ, ನಿಲ್ಲಿಸಲೂ ಇಲ್ಲ. "ನಿನ್ನ ಅಣ್ಣನ್ನ ನಾನು ಹೀಗೆ ಕಳ್ಕೊಂಡೆ. ನಿನಗೂ ಅದೇ ಇರಬಹುದು. ನನ್ನ ಮುಖ ನೋಡಬೇಡ ಅಂದ್ರೂ ಸರಿ, ನಾಳೆ ಆಸ್ಪತ್ರೆಗೆ ಹೋಗು."

ಮಗಳ ಕೈ ನಿಂತಿತು. ಅಂಗಿಯೊಂದನ್ನು ಮೊಣಕಾಲ ಮೇಲಿಟ್ಟುಕೊಂಡು ಬಹಳ ಹೊತ್ತು ಸವರಿದಳು. ಎದ್ದು ಹೋಗುತ್ತಾಳೆ, ಕಿರುಚುತ್ತಾಳೆ, ಹೊಟ್ಟೆಯಲ್ಲಿರುವ ಜೀವಕ್ಕೆ ಏನಾದರೂ ಆಗುತ್ತದೆ ಎಂದು ನನಗೆ ಭಯ.

"ನಾನು ಬಾಗಿಲ ಹತ್ರ ಇದ್ದೆ ಅಮ್ಮ" ಎಂದಳು.

ಅತ್ತೆಗೆ ಅರ್ಥವಾಗಲಿಲ್ಲ. ನನಗೂ.

"ಗಂಟೆ ಶಬ್ದ ಕೇಳಿ ಬಂದಿದ್ದೆ. ನೋಡಿದೆ. ಆಮೇಲೆ ನೀನು ಎಲ್ಲರಿಗೂ ನಿದ್ದೇಲಿ ಹೋದ ಅಂದೆ. ನಾನು ಕಂಡಿದ್ದು ಕನಸು ಅಂದ್ಕೊಂಡೆ. ಎಷ್ಟು ದೊಡ್ಡವಳಾದ್ರೂ ಆ ಕನಸು ಹೋಗಲಿಲ್ಲ. ಹೆತ್ತ ಅಮ್ಮನ ಬಗ್ಗೆ ಇಂಥ ಕನಸು ಬೀಳುತ್ತಲ್ಲ, ನಾನೆಂಥ ಕೆಟ್ಟವಳು ಅಂದ್ಕೊಂಡಿದ್ದೆ." ಆಗ ಅವಳಿಗೆ ಅಳು ಬಂತು. "ಅದು ಕನಸಲ್ಲ ಅಂತ ಇವತ್ತಾದ್ರೂ ಹೇಳಿದ್ಯಲ್ಲ."

ಅತ್ತೆ ನೆಲದ ಮೇಲೇ ಕುಸಿದು ಕೂತರು. ಮಗಳು ಭಾರದ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಇಳಿದು ಪಕ್ಕದಲ್ಲಿ ಕೂತಳು. ನಾನು ಹೊರಗೆ ಹೋಗಿ ಕ್ಲಾಸಿಗೆ ಬಂದ ಮಕ್ಕಳಿಗೆ ಇವತ್ತು ರಜಾ ಎಂದೆ.

ಜೂನ್ ೩೦, ಸೋಮವಾರ

ಅವಳದೂ ಉದ್ದ. ನನ್ನದಕ್ಕಿಂತ ಉದ್ದ.

ಡಾಕ್ಟರು ಕೂಡಲೇ ದಾಖಲು ಮಾಡಿಕೊಂಡು ಮಾತ್ರೆ ಕೊಟ್ಟರು. ಹೆರಿಗೆಯ ಡಾಕ್ಟರಿಗೆ ನಮ್ಮ ಎದುರೇ ಫೋನು ಮಾಡಿ, ಆಮೇಲಿನ ತಿಂಗಳುಗಳಲ್ಲಿ ಇವಳು ಒಬ್ಬಳೇ ಮಲಗಬಾರದು, ಮಗು ಅಳುವ ಮೊದಲೇ ಎತ್ತಿಕೊಳ್ಳುವವರು ಒಬ್ಬರು ಬೇಕು ಎಂದರು. "ಯಾರಿದ್ದಾರೆ?" ಎಂದು ನಮ್ಮ ಕಡೆ ನೋಡಿದರು. ಅತ್ತೆ ತಲೆ ತಗ್ಗಿಸಿದರು. ಮಗಳು ಕೈ ತೋರಿಸಿ, "ನಮ್ಮಮ್ಮ" ಎಂದಳು.

ನನಗೆ ಭಯ ಹೋಗಿಲ್ಲ. ಮಾತ್ರೆ ನುಂಗಿದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದು ಡಾಕ್ಟರೂ ಹೇಳಲಿಲ್ಲ.

ಆದರೆ ಇಸಿಜಿ ತೆಗೆಯುವಾಗ ನಡೆದದ್ದನ್ನು ಬರೆಯಬೇಕು. ಪರದೆಯ ಆಚೆ ಮಗಳು ಮಲಗಿದ್ದಳು, ಈಚೆ ಬೆಂಚಿನಲ್ಲಿ ಅತ್ತೆ ಮತ್ತು ನಾನು. ಅತ್ತೆ ಇದ್ದಕ್ಕಿದ್ದಂತೆ ಪರದೆಯ ಕಡೆ ಬಾಗಿ, "ನಾನು ತಲೆ ಕಡೆ ನಿಂತಿದ್ದೆ. ನನಗೆ ಅವನ ಮುಖ ಕಾಣಲಿಲ್ಲ. ನಿನಗೆ ಕಾಣ್ತಾ?" ಎಂದರು.

"ಕಾಣ್ತು."

"ಹೆದರಿದ್ನಾ?"

ಒಳಗಿನಿಂದ ನರ್ಸು, "ಮಾತಾಡಬೇಡಿ, ಅಲುಗಾಡಬೇಡಿ" ಎಂದಳು. ಅತ್ತೆ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಉಗುರಿನ ಗುರುತು ಇನ್ನೂ ಇದೆ.

"ಇಲ್ಲಮ್ಮ" ಎಂದಳು ಮಗಳು ಪರದೆಯ ಆಚೆಯಿಂದ. "ನನ್ನ ನೋಡಿದ. ನಕ್ಕ."

ನರ್ಸು ಗೊಣಗಿಕೊಂಡು ಮತ್ತೆ ಮೊದಲಿನಿಂದ ತೆಗೆಯಬೇಕಾಯಿತು.